ತಂತಿಗೆ ಪೋಣಿಸಿದ ಕಾಗದಗಳು

ಹರಿಯಬ್ಬೆಯು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ಒಂದು ಗ್ರಾಮ. ಮಳೆ ಕಡಿಮೆಯಾದ ಸೀಮೆ. ಈ ಸೀಮೆಯ ಹಳೆಯ ಮನೆಗಳಲ್ಲಿ ನಡುಮನೆಯ ಕಂಬಕ್ಕೋ ತೊಲೆಗೋ ಒಂದು ಮೊಳೆ ಹೊಡೆದು, ತುದಿ ಬಾಗಿದ ಕಬ್ಬಿಣದ ತಂತಿಯೊಂದನ್ನು ತೂಗುಹಾಕಿರುತ್ತಿದ್ದರು. ಚುಚ್ಚಿದ ಕಾಗದಗಳು ಜಾರಿಹೋಗದಂತೆ ತಂತಿಯ ಬುಡದಲ್ಲಿ ಒಂದು ಮರದ ಬಿಲ್ಲೆ. ಮನೆಗೆ ಬಂದ ಕಾಗದವನ್ನು ಓದಿ, ಓದಲು ಬಾರದವರು ಓದಿಸಿ ಕೇಳಿ, ನೆರೆಹೊರೆಯವರಿಗೂ ಸುದ್ದಿಯನ್ನು ಹೇಳಿ ಮುಗಿಸಿದ ಮೇಲೆ ಅದನ್ನು ಆ ತಂತಿಗೆ ಪೋಣಿಸಿಬಿಡುವುದು ರೂಢಿಯಾಗಿತ್ತು. ಕಂದಾಯದ ರಸೀದಿಯ ಮೇಲೆ ಮಗಳ ಊರಿನಿಂದ ಬಂದ ಕಾರ್ಡು, ಅದರ ಮೇಲೆ ಮದುವೆಯ ಲಗ್ನಪತ್ರಿಕೆ, ಅದರ ಮೇಲೆ ದುಡಿಯಲು ಹೋದ ಮಗ ಕಳುಹಿಸಿದ ಮನಿಯಾರ್ಡರಿನ ತುಣುಕು, ಹೀಗೆ ವರುಷಗಳು ಒಂದರ ಮೇಲೊಂದು ಕುಳಿತುಕೊಳ್ಳುತ್ತಿದ್ದವು. ತಂತಿ ತುಂಬಿದಾಗ ಏನು ಮಾಡುತ್ತಿದ್ದರು? ಹೆಚ್ಚಿನ ಮನೆಗಳಲ್ಲಿ ಯುಗಾದಿಗೆ ಮುಂಚೆ ಸುಣ್ಣ ಬಳಿಯುವಾಗ ಅದನ್ನು ಕೆಳಗಿಳಿಸಿ, ರಸೀದಿಗಳನ್ನು ಮಾತ್ರ ಆರಿಸಿಕೊಂಡು, ಉಳಿದುದನ್ನು ನೀರೊಲೆಗೆ ಹಾಕಿಬಿಡುತ್ತಿದ್ದರು.

ರಸೀದಿಗಳನ್ನು ಉಳಿಸಿಕೊಂಡುದು ತಪ್ಪಲ್ಲ. ಜಮೀನಿನ ವ್ಯಾಜ್ಯ ಬಂದರೆ ಅವು ಬೇಕು. ಆದರೆ ನೀರೊಲೆಗೆ ಬಿದ್ದ ಕಾಗದಗಳು ಅದಕ್ಕಿಂತಲೂ ಬೆಲೆಯುಳ್ಳ ದಾಖಲೆಗಳಾಗಿದ್ದವು ಎಂದರೆ ಇಂದಿಗೂ ನಗುವವರಿದ್ದಾರೆ. "ಎಲ್ಲರೂ ಕ್ಷೇಮ, ಮಳೆ ಬಂದಿಲ್ಲ, ಎಮ್ಮೆ ಈದಿದೆ ಎಂದು ಬರೆದ ಕಾಗದದಲ್ಲಿ ಏನಿದೆ?" ಎಂಬುದು ಅವರ ಪ್ರಶ್ನೆ. ಆ ಕಾಗದದಲ್ಲಿ ಚರಿತ್ರೆಯಿದೆ ಎಂಬುದು ಈ ಪ್ರಶ್ನೆಗೆ ಉತ್ತರ. ಅದು ಯಾವ ಬಗೆಯ ಚರಿತ್ರೆ ಎಂಬುದನ್ನು ತಿಳಿಯಬೇಕಾದರೆ, ಇಂತಹ ಕಾಗದಗಳನ್ನು ಸುಡದೆ ಉಳಿಸಿಕೊಂಡ ಜನರ ಕಡೆಗೆ ಒಮ್ಮೆ ನೋಡಬೇಕು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನವು ಜನರು ಪೂರ್ವದಿಂದ ಪಶ್ಚಿಮಕ್ಕೆ ನಡೆದ ಶತಮಾನ. ಪೂರ್ವತೀರದ ಊರುಗಳಲ್ಲಿ ಜಮೀನು ಸಾಲದಾಯಿತು. ಪಶ್ಚಿಮದಲ್ಲಿ ಕಣ್ಣು ಹಾಯುವಷ್ಟು ದೂರವೂ ಹುಲ್ಲುಗಾವಲು. 1862ರಲ್ಲಿ ಅಲ್ಲಿಯ ಸರ್ಕಾರ ಒಂದು ಕಾಯಿದೆಯನ್ನು ಮಾಡಿತು: ಅಲ್ಪ ಶುಲ್ಕವನ್ನು ಕಟ್ಟಿ, 160 ಎಕರೆ ನೆಲವನ್ನು ಗುರುತು ಹಾಕಿಕೊಂಡು, ಐದು ವರ್ಷ ಅಲ್ಲಿಯೇ ವಾಸಮಾಡಿ ಬೇಸಾಯ ನಡೆಸಿದವರಿಗೆ ಆ ನೆಲ ಸ್ವಂತವಾಗುತ್ತದೆ. ಈ ಕಾಯಿದೆಯ ಮೇರೆಗೆ ಕಾಲಕ್ರಮದಲ್ಲಿ ಸುಮಾರು 16 ಲಕ್ಷ ಹಿಡುವಳಿಗಳು ಮಂಜೂರಾದವು. 1869ರಲ್ಲಿ ಖಂಡದ ಒಂದು ತೀರದಿಂದ ಇನ್ನೊಂದು ತೀರದ ಕಡೆಗೆ ರೈಲುದಾರಿ ಕೂಡಿಕೊಂಡಿತು. ಅದಕ್ಕೆ ಮುಂಚೆಯೂ, ಅದಾದ ಮೇಲೂ ಎಷ್ಟೋ ಕುಟುಂಬಗಳು ಬಟ್ಟೆಯ ಕಮಾನು ಕಟ್ಟಿದ ಗಾಡಿಗಳಲ್ಲಿ ಪಾತ್ರೆಪಡಗ, ಬೀಜ, ನೇಗಿಲುಗಳನ್ನು ಹೇರಿಕೊಂಡು ತಿಂಗಳುಗಟ್ಟಲೆ ನಡೆದವು. ನಾಡು ಮುಗಿದು ಕಾಡು ಮೊದಲಾಗುವ ಆ ಅಂಚಿನ ಪ್ರದೇಶವನ್ನು ಅವರು ಗಡಿ ಎಂದೇ ಕರೆಯುತ್ತಿದ್ದರು.

ಆ ಗಡಿಯಲ್ಲಿದ್ದ ಕುಟುಂಬಗಳು ಕಾಗದ ಬರೆಯುತ್ತಿದ್ದವು. ಹಿಂದೆ ಬಿಟ್ಟುಬಂದ ತಂದೆತಾಯಿಗಳಿಗೆ, ಅಕ್ಕತಂಗಿಯರಿಗೆ, ಇನ್ನೂ ಊರಿನಲ್ಲಿಯೇ ಉಳಿದಿದ್ದ ಹೆಂಡತಿಗೆ ಬರೆಯುತ್ತಿದ್ದವು. ಪಡೆದವರು ಅವುಗಳನ್ನು ಪೆಟ್ಟಿಗೆಯಲ್ಲಿಟ್ಟರು. ಅವರ ಮಕ್ಕಳು ಆ ಪೆಟ್ಟಿಗೆಯನ್ನು ಎಸೆಯಲಿಲ್ಲ. ಹೀಗೆ ಉಳಿದುಬಂದ ಸಂಗ್ರಹಗಳಲ್ಲಿ ಆಬ್ಲಿಂಗರ್ ಎಂಬ ಕುಟುಂಬದ ಕಾಗದಗಳು ಪ್ರಸಿದ್ಧವಾದವು. ನೆಬ್ರಾಸ್ಕ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿ ಅವನ್ನು ಕಾಪಾಡಿದ್ದಾರೆ. ಪುಟಗಳ ಸಂಖ್ಯೆ ಸುಮಾರು 3,000.

ಯುರಾಯ ಆಬ್ಲಿಂಗರ್ ದೊಡ್ಡ ಮನುಷ್ಯನಲ್ಲ. ಅವನ ಹೆಸರು ಯಾವ ರಾಜ್ಯಶಾಸನದಲ್ಲಿಯೂ ಇಲ್ಲ. ಇಂಡಿಯಾನ ರಾಜ್ಯದ ಒಬ್ಬ ಸಾಮಾನ್ಯ ರೈತ, ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದವನು. ಸ್ವಂತ ನೆಲ ಬೇಕೆಂಬ ಆಸೆಯಿಂದ 1872ರ ಶರತ್ಕಾಲದಲ್ಲಿ ಹೆಂಡತಿ ಮ್ಯಾಟಿಯನ್ನೂ ಹಸುಗೂಸು ಎಲ್ಲಳನ್ನೂ ಅವಳ ತವರಿನ ಕಡೆ ಬಿಟ್ಟು, ಭಾವಮೈದುನರೊಡನೆ ಗಾಡಿ ಕಟ್ಟಿಕೊಂಡು ನೆಬ್ರಾಸ್ಕಕ್ಕೆ ಹೊರಟನು. ದಾರಿಯುದ್ದಕ್ಕೂ ಹೆಂಡತಿಗೆ ಬರೆದನು. ಫಿಲ್ಮೋರ್ ಎಂಬ ಜಿಲ್ಲೆಯಲ್ಲಿ ನೆಲವನ್ನು ಗುರುತು ಹಾಕಿಕೊಂಡ ಮೇಲೆಯೂ ಬರೆದನು. ಮುಂದಿನ ವರ್ಷ, ಅಂದರೆ 1873ರ ಬೇಸಿಗೆಯ ಮೊದಲಿಗೆ, ಮ್ಯಾಟಿ ಮಗುವಿನೊಡನೆ ಬಂದು ಅವನನ್ನು ಸೇರಿದಳು. ಅಲ್ಲಿಂದ ಮುಂದೆ ಲೇಖನಿ ಅವಳ ಕೈಗೆ ಬಂದಿತು. ಅವಳು ತವರಿಗೆ ಬರೆದ ಕಾಗದವೊಂದರಲ್ಲಿ ತಾವು ಈಗ ಸ್ವಂತ ಮನೆಯಲ್ಲಿ ಇರುವುದಾಗಿಯೂ, ಆ ಮನೆ ಹುಲ್ಲುಮಣ್ಣಿನದೆಂಬುದಾಗಿಯೂ ಎಷ್ಟು ಹೆಮ್ಮೆಯಿಂದ ತಿಳಿಸಿದ್ದಾಳೆಂದರೆ, ಅರಮನೆಯನ್ನು ಕಟ್ಟಿಸಿದವರೂ ಅಷ್ಟು ಹೆಮ್ಮೆಯಿಂದ ಬರೆದಿರಲಾರರು.

ಈ ಹುಲ್ಲುಮಣ್ಣಿನ ಮನೆಯನ್ನು ಹಿರಿಯೂರಿನ ಕಡೆಯ ವಿದ್ಯಾರ್ಥಿ ಬೇಗನೆ ಅರ್ಥಮಾಡಿಕೊಳ್ಳಬಲ್ಲನು. ಆ ಬಯಲಿನಲ್ಲಿ ತೊಲೆಗೂ ಮರವಿಲ್ಲ, ಗೋಡೆಗೂ ಕಲ್ಲಿಲ್ಲ. ಆದುದರಿಂದ ಅವರು ನೇಗಿಲಿನಿಂದ ನೆಲವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಬೇರುಗಳು ಹೆಣೆದುಕೊಂಡು ಗಟ್ಟಿಯಾಗಿದ್ದ ಆ ಹೆಂಟೆಗಳನ್ನೇ ಇಟ್ಟಿಗೆಗಳಂತೆ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿದರು. ಗೋಡೆ ಒಂದೂವರೆ ಮೊಳಕ್ಕೂ ಮಿಗಿಲಾಗಿ ದಪ್ಪವಿರುತ್ತಿತ್ತು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಸೂರಿನಿಂದ ಕೆಸರು ಸುರಿಯುವುದು; ಮಳೆ ನಿಂತ ಮೇಲೆಯೂ ಒಳಗೆ ಹನಿಯುವುದು ನಿಲ್ಲದು. ಚಿತ್ರದುರ್ಗದ ಮೈದಾನದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಕರಲು ಮಣ್ಣನ್ನು ಹೊಸದಾಗಿ ಹರಡಿ ತುಳಿಯುವ ಕೆಲಸವನ್ನು ಅವರು ತಲೆಮಾರುಗಳಿಂದ ಮಾಡಿಕೊಂಡು ಬಂದವರೇ. ಮರವಿಲ್ಲದ ಆ ಸೀಮೆಯಲ್ಲಿ ಒಲೆಗೆ ಏನು? ಬಯಲಿನಲ್ಲಿ ಬಿದ್ದು ಒಣಗಿದ ಕಾಡೆಮ್ಮೆಗಳ ಸಗಣಿ. ಆಮೇಲೆ ದನಗಳ ಸಗಣಿ. ಪೂರ್ವದ ಪಟ್ಟಣಗಳಿಂದ ಬಂದ ಹೆಂಗಸರು ಮೊದಮೊದಲು ಅದನ್ನು ಕೈಯಿಂದ ಮುಟ್ಟಲು ಹೇಸಿ, ಸ್ವಲ್ಪ ಕಾಲದಲ್ಲಿಯೇ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. ಕುರುಳು ಆಯ್ದು ಬೆಳೆದ ಮಕ್ಕಳಿಗೆ ಈ ಹೇಸಿಗೆಯೇ ವಿಚಿತ್ರವಾಗಿ ತೋರಬಹುದು.

ಇಂತಹ ವಿವರಗಳನ್ನು ಯಾವ ರಾಜಕೀಯ ಚರಿತ್ರೆಯೂ ಬರೆಯುವುದಿಲ್ಲ. ನೆಬ್ರಾಸ್ಕವು ಎಂದು ರಾಜ್ಯವಾಯಿತು, ರೈಲುದಾರಿ ಎಲ್ಲಿಯವರೆಗೆ ಬಂದಿತು, ಗೋಧಿ ಎಷ್ಟು ಬೆಳೆಯಿತು ಎಂಬುದು ಸರ್ಕಾರದ ವರದಿಗಳಲ್ಲಿ ದೊರೆಯುತ್ತದೆ. ಆದರೆ ಆ ಗೋಧಿಯನ್ನು ಬಿತ್ತಿದವನು ಬೀಜವನ್ನು ಯಾರಿಂದ ಸಾಲ ತಂದನು, ಬೆಳೆ ಕೈಗೆ ಬರುವವರೆಗೆ ಮನೆಯವರು ಏನನ್ನು ತಿಂದರು, ಹತ್ತಿರದ ನೆರೆಮನೆ ಎಷ್ಟು ದೂರವಿತ್ತು, ಮಗುವಿಗೆ ಜ್ವರ ಬಂದ ರಾತ್ರಿ ತಾಯಿ ಯಾರನ್ನು ನೆನೆದಳು ಎಂಬುದನ್ನು ಮನೆಯ ಕಾಗದವೇ ಹೇಳಬೇಕು. 1874ರಲ್ಲಿ ಮಿಡತೆಯ ದಂಡು ನೆಬ್ರಾಸ್ಕ, ಕ್ಯಾನ್ಸಸ್‌ಗಳ ಮೇಲೆ ಕವಿದು ಪೈರನ್ನು ಬುಡಸಹಿತ ತಿಂದುಹಾಕಿತು. ಎಷ್ಟು ಎಕರೆ ಹಾಳಾಯಿತೆಂದು ಲೆಕ್ಕ ಹಾಕಿದವರುಂಟು. ಆದರೆ ಅಂತಹ ವರುಷದಲ್ಲಿಯೂ ತವರಿಗೆ ಬರೆಯುವಾಗ ಅವರ ಧೈರ್ಯ ಕುಂದಬಾರದೆಂದು ಪದಗಳನ್ನು ತೂಗಿ ತೂಗಿ ಇಡುತ್ತಿದ್ದ ಹೆಣ್ಣುಮಕ್ಕಳ ಎಚ್ಚರವನ್ನು ಯಾವ ಲೆಕ್ಕದಲ್ಲಿ ಸೇರಿಸುವುದು?

ಮ್ಯಾಟಿ 1880ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಮೂವರು ಹೆಣ್ಣುಮಕ್ಕಳು ತಾಯಿಯಿಲ್ಲದವರಾದರು. ಸ್ವಂತ ನೆಲ, ಸ್ವಂತ ಮನೆ ಎಂದು ಅವಳು ಹೆಮ್ಮೆಪಟ್ಟು ಏಳು ವರುಷಗಳಷ್ಟೇ ಕಳೆದಿದ್ದವು. ಆ ಏಳು ವರುಷಗಳ ಕಾಗದಗಳು ಉಳಿಯದಿದ್ದರೆ ಮ್ಯಾಟಿ ಎಂಬುವಳು ಬದುಕಿದ್ದುದಕ್ಕೆ ಒಂದು ಸಮಾಧಿಯ ಕಲ್ಲನ್ನು ಬಿಟ್ಟರೆ ಹೆಚ್ಚಿನ ಸಾಕ್ಷಿ ಇರುತ್ತಿರಲಿಲ್ಲ.

ಇನ್ನೂ ಹಿಂದಿನ ಕಾಲದ ಒಬ್ಬ ಹೆಣ್ಣುಮಗಳ ವಿಷಯವನ್ನು ಇಲ್ಲಿ ಹೇಳಬೇಕು. ನಾರ್ಸಿಸಾ ವಿಟ್ಮನ್ ಎಂಬಾಕೆ 1836ರಲ್ಲಿ, ಮದುವೆಯಾದ ಹೊಸತರಲ್ಲಿಯೇ, ವೈದ್ಯನೂ ಕ್ರೈಸ್ತ ಧರ್ಮಪ್ರಚಾರಕನೂ ಆದ ಗಂಡನೊಡನೆ ಖಂಡವನ್ನು ದಾಟಿ ಆರೆಗಾನ್ ಪ್ರದೇಶಕ್ಕೆ ಹೋದಳು. ಆಗ ರೈಲಿಲ್ಲ, ಅಂಚೆಯ ಏರ್ಪಾಡೂ ಇಲ್ಲ. ತಾಯಿಗೆ ಬರೆದ ಕಾಗದವು ತುಪ್ಪುಳದ ವ್ಯಾಪಾರಿಗಳ ತಂಡದೊಡನೆ ಬೆಟ್ಟ ಹತ್ತಿ ಇಳಿಯಬೇಕು. ಇಲ್ಲವೆ ಹಡಗು ಹತ್ತಿ ದಕ್ಷಿಣ ಅಮೆರಿಕದ ತುದಿಯನ್ನು ಸುತ್ತಿ ಬರಬೇಕು. ಹೋಗಿ ಉತ್ತರ ಬರಲು ಎರಡು ವರ್ಷವಾದರೂ ಆಶ್ಚರ್ಯವಿರಲಿಲ್ಲ. 1837ರ ಮಾರ್ಚಿಯಲ್ಲಿ ಅವಳಿಗೊಂದು ಹೆಣ್ಣುಮಗು ಹುಟ್ಟಿತು. 1839ರ ಜೂನ್ ತಿಂಗಳಿನಲ್ಲಿ ಆ ಮಗು ಮನೆಯ ಬಳಿಯ ಹೊಳೆಗೆ ಬಿದ್ದು ತೀರಿಕೊಂಡಿತು. ಎರಡು ವರ್ಷ ಮೂರು ತಿಂಗಳು! ಒಂದು ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ಬಾಳು ಹುಟ್ಟಿ ಮುಗಿದುಹೋಗಿತ್ತು. ದೂರ ಎಂಬ ಮಾತಿನ ಅರ್ಥವನ್ನು ಭೂಪಟದ ಅಳತೆಗಿಂತ ಇದು ಚೆನ್ನಾಗಿ ತಿಳಿಸುತ್ತದೆ.

ಆದರೆ ಕಾಗದಗಳನ್ನು ಓದುವಾಗ ಅವು ಹೇಳುವುದನ್ನು ಕೇಳಿದರೆ ಸಾಲದು. ಹೇಳದೆ ಬಿಟ್ಟುದನ್ನೂ ಕೇಳಿಸಿಕೊಳ್ಳಬೇಕು. ವಿಟ್ಮನ್ ದಂಪತಿಗಳು ನೆಲೆಸಿದ್ದುದು ಕೇಯೂಸ್ ಎಂಬ ಮೂಲನಿವಾಸಿಗಳ ನೆಲದಲ್ಲಿ. 1847ರಲ್ಲಿ ದಡಾರದ ಪಿಡುಗು ಬಂದು ಆ ಕುಲದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಸತ್ತರು. ಬಿಳಿಯರ ಮಕ್ಕಳು ಗುಣವಾಗುತ್ತಿದ್ದಾರೆ, ತಮ್ಮ ಮಕ್ಕಳು ಸಾಯುತ್ತಿದ್ದಾರೆ ಎಂಬುದನ್ನು ಅವರು ಕಣ್ಣಾರೆ ಕಂಡರು. ವೈದ್ಯನೇ ವಿಷವಿಕ್ಕುತ್ತಿದ್ದಾನೆಂಬ ಶಂಕೆ ಹುಟ್ಟಿತು. ಆ ವರ್ಷದ ನವೆಂಬರ್ 29ರಂದು ಗಂಡಹೆಂಡಿರಿಬ್ಬರೂ, ಅವರೊಡನೆ ಇನ್ನೂ ಹಲವರೂ ಕೊಲೆಯಾದರು. 1850ರಲ್ಲಿ ಐವರು ಕೇಯೂಸರನ್ನು ಗಲ್ಲಿಗೇರಿಸಿದರು. ನಾರ್ಸಿಸಾ ತಾಯಿಗೆ ಬರೆದ ಕಾಗದಗಳು ಇಂದಿಗೂ ಅಚ್ಚಾಗಿ ಓದಲು ಸಿಗುತ್ತವೆ. ಮಕ್ಕಳನ್ನು ಕಳೆದುಕೊಂಡ ಕೇಯೂಸ್ ತಾಯಿ ಯಾರಿಗೆ ಬರೆದಳು? ಅವಳ ಭಾಷೆಗೆ ಆಗ ಲಿಪಿಯ ಬಳಕೆ ಇರಲಿಲ್ಲ. ನೆಬ್ರಾಸ್ಕದ ವಲಸೆಗಾರರು ಬರಿದಾದ ನೆಲಕ್ಕೆ ಬಂದೆವೆಂದು ತಿಳಿದಿದ್ದರು. ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ ಪಾನೀ ಕುಲದವರನ್ನು 1870ರ ದಶಕದಲ್ಲಿಯೇ ದಕ್ಷಿಣದ ಬೇರೊಂದು ಸೀಮೆಗೆ ಸಾಗಿಸಲಾಯಿತು. ಕಾಗದ ಬರೆದವರ ಕಷ್ಟ ಕಣ್ಣಿಗೆ ಕಾಣುತ್ತದೆ, ಬರೆಯದವರ ಕಷ್ಟ ಕಾಣುವುದಿಲ್ಲ. ಬರೆದವರನ್ನು ಇದಕ್ಕಾಗಿ ದೂಷಿಸಬೇಕಾಗಿಲ್ಲ. ಆದರೆ ಬರೆಹವಿಲ್ಲದ ಜನ ಚರಿತ್ರೆಯ ಹೊರಗೆ ಉಳಿದುಬಿಡುತ್ತಾರೆಂಬ ಮಾತು ಅಮೆರಿಕಕ್ಕೆ ಮಾತ್ರ ಅನ್ವಯಿಸುವುದಲ್ಲ.

ಮ್ಯಾಟಿ ನೆಬ್ರಾಸ್ಕದಿಂದ ಕಾಗದ ಬರೆಯುತ್ತಿದ್ದ ಆ ವರುಷಗಳಲ್ಲಿಯೇ ಮೈಸೂರು ಸೀಮೆಯಲ್ಲಿ ಏನು ನಡೆಯುತ್ತಿತ್ತು? 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮಳೆ ಕೈಕೊಟ್ಟು ಘೋರವಾದ ಕ್ಷಾಮ ಬಂದಿತು. ಇಂದಿಗೂ ಹಳ್ಳಿಗಳಲ್ಲಿ ಧಾತು ಈಶ್ವರ ಬರ ಎಂದರೆ ಮುದುಕರು ತಲೆಯಾಡಿಸುವುದುಂಟು. ಅವರ ಅಜ್ಜಂದಿರ ಕಾಲದ ಮಾತು ಅದು. ಗಂಜಿಯ ಕೇಂದ್ರಗಳನ್ನು ತೆರೆದರು. ಊರು ಬಿಟ್ಟವರು ದಾರಿಯಲ್ಲಿಯೇ ಬಿದ್ದು ಸತ್ತರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಅದು 41 ಲಕ್ಷ 86 ಸಾವಿರ. ಹತ್ತು ವರುಷಗಳಲ್ಲಿ ಜನ ಹೆಚ್ಚುವ ಬದಲು ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕುಗ್ಗಿದರು. ಈ ಅಂಕಿಗಳನ್ನು ಬಲ್ಲೆವು. ಅಧಿಕಾರಿಗಳ ವರದಿಗಳನ್ನು ಬಲ್ಲೆವು. ಆದರೆ ಹಿರಿಯೂರು ಸೀಮೆಯ ಒಂದು ಮನೆಯಲ್ಲಿ ಕೊನೆಯ ಮೂಟೆ ರಾಗಿ ಮುಗಿದ ದಿನ ಯಜಮಾನ ಏನು ಹೇಳಿದನು, ಯಾರು ಮೊದಲು ಊಟ ಬಿಟ್ಟರು, ಎತ್ತುಗಳನ್ನು ಎಷ್ಟಕ್ಕೆ ಮಾರಿದರು, ಗುಳೆ ಹೊರಟವರು ಮನೆಯ ಬಾಗಿಲನ್ನು ಹೇಗೆ ಮುಚ್ಚಿ ಹೋದರು ಎಂಬುದನ್ನು ಹೇಳುವ ಬರೆಹವೆಲ್ಲಿ? ಅಂಚೆ ಆಗ ಇತ್ತು. ಮೈಸೂರಿನ ಅರಸರ ಕಾಲದಿಂದ ನಡೆದುಬಂದ ಅಂಚೆಯ ಏರ್ಪಾಡು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿದ್ದು 1889ರಲ್ಲಿ. ಅಂಚೆ ಇತ್ತು, ಅಕ್ಷರ ಇರಲಿಲ್ಲ. ಅಕ್ಷರ ಬಲ್ಲ ಶಾನುಭೋಗನ ಕಡತದಲ್ಲಿ ಕಂದಾಯದ ಲೆಕ್ಕವಿತ್ತು; ಹಸಿವಿನ ಲೆಕ್ಕವನ್ನು ಬರೆಯುವುದು ಅವನ ಕೆಲಸವಾಗಿರಲಿಲ್ಲ.

ಒಂದೇ ದಶಕ, ಎರಡು ಒಣ ಸೀಮೆಗಳು. ಒಂದರಲ್ಲಿ ಒಂದು ಸಾಮಾನ್ಯ ಕುಟುಂಬವೇ ಸಾವಿರಾರು ಪುಟಗಳನ್ನು ಬಿಟ್ಟುಹೋಗಿದೆ. ಇನ್ನೊಂದರಲ್ಲಿ ಲಕ್ಷಗಟ್ಟಲೆ ಜನ ಒಂದು ಸಾಲನ್ನೂ ಬಿಡದೆ ಹೋಗಿದ್ದಾರೆ. ಶಾಲೆ ಎಂಬುದು ಹೊಟ್ಟೆಪಾಡಿಗೆ ಮಾತ್ರ ಬೇಕಾದುದೆಂದು ವಾದಿಸುವವರು ಈ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಮೊದಲಾದ ಅಣೆಕಟ್ಟು 1907ರಲ್ಲಿ ಮುಗಿದು, ವಾಣಿವಿಲಾಸ ಸಾಗರವೆಂಬ ಹೆಸರನ್ನು ಪಡೆಯಿತು. ನಾಲೆಯ ನೀರು ಹರಿದ ಕಡೆ ತೆಂಗು, ಭತ್ತ, ಕಬ್ಬು ಬಂದವು. ನೀರಿನ ಹಿಂದೆ ಜನರೂ ಬಂದರು. ನೀರು ಹರಿಯದ ಕಡೆಯವರು ದುಡಿಮೆಯನ್ನು ಹುಡುಕಿಕೊಂಡು ಮಲೆನಾಡಿನ ಕಾಫಿಯ ತೋಟಗಳಿಗೆ, ಭದ್ರಾವತಿಯ ಕಾರ್ಖಾನೆಗೆ, ಬೆಂಗಳೂರಿಗೆ ಹೋದರು. ಈ ಹೊತ್ತಿಗೆ ಹಳ್ಳಿಗೆ ಶಾಲೆ ಬಂದಿತ್ತು. ಎಷ್ಟೋ ಊರುಗಳಲ್ಲಿ ಶಾಲೆಯ ಮೇಷ್ಟರೇ ಶಾಖಾ ಅಂಚೆಕಚೇರಿಯನ್ನೂ ನಡೆಸುತ್ತಿದ್ದರು. ಮಧ್ಯಾಹ್ನ ಪಾಠ ಮುಗಿದ ಮೇಲೆ ಜಗಲಿಯ ಮೇಲೆ ಕುಳಿತು, ಸೆರಗನ್ನು ಹೊದ್ದು ಎದುರಿಗೆ ನಿಂತ ತಾಯಿ ಹೇಳಿದುದನ್ನು ಕಾರ್ಡಿನ ಮೇಲೆ ಇಳಿಸುತ್ತಿದ್ದರು. 1879ರಲ್ಲಿ ಭಾರತಕ್ಕೆ ಬಂದ ಅಂಚೆಕಾರ್ಡು ಬಡವರ ಬಂಧುವೆಂದರೆ ಸಲ್ಲುತ್ತದೆ. 1950ರಲ್ಲಿ ಅಂತರ್ದೇಶೀಯ ಪತ್ರ ಬಂದ ಮೇಲೆ ಮಡಿಸಿ ಅಂಟಿಸುವ ಗುಟ್ಟಿನ ಅನುಕೂಲವೂ ಸಿಕ್ಕಿತು. ಕಾರ್ಡಿನಲ್ಲಿ ಗುಟ್ಟೆಲ್ಲಿ? ಅಂಚೆಯವನು ಮನೆಯ ಬಾಗಿಲಿಗೆ ಬರುವ ಮುನ್ನವೇ ಅರ್ಧ ಊರಿಗೆ ಸುದ್ದಿ ಗೊತ್ತಾಗಿರುತ್ತಿತ್ತು.

ತಾಯಿ ಹೇಳಿದುದೊಂದು, ಮೇಷ್ಟರು ಬರೆದುದೊಂದು ಆಗುತ್ತಿದ್ದುದೂ ಉಂಟು. ತಾಯಿ ತನ್ನ ಮಾತಿನಲ್ಲಿ, "ಯಾವಾಗ ಬರ್ತೀಯಪ್ಪ, ಕಣ್ಣು ಮಂಜಾಗ್ಯಾವೆ ನನಗೆ" ಎನ್ನುವಳು. ಮೇಷ್ಟರು "ಉಭಯಕುಶಲೋಪರಿ ಸಾಂಪ್ರತ" ಎಂದು ಮೊದಲುಮಾಡಿ, "ನಿನ್ನ ಆಗಮನವನ್ನು ನಿರೀಕ್ಷಿಸಲಾಗಿದೆ" ಎಂದು ಮುಗಿಸುವರು. ಆದರೂ ಕೆಳಗಡೆ ಮೂಲೆಯಲ್ಲಿ ಜಾಗ ಉಳಿದಿದ್ದರೆ, ಅವಳು ಹಟ ಹಿಡಿದರೆ, ಒಂದು ಸಾಲು ಅವಳದೇ ಮಾತಿನಲ್ಲಿ ಸೇರಿಕೊಳ್ಳುತ್ತಿತ್ತು: ಕೆಂದೆತ್ತಿನ ಕಾಲು ಉಳುಕಿದೆ, ಶೇಂಗಾ ಬಿತ್ತಿಲ್ಲ, ತಂಗಿಯನ್ನು ನೋಡಲು ಬಂದವರು ಮತ್ತೆ ಸುದ್ದಿ ಕಳುಹಿಸಲಿಲ್ಲ. ಆ ಒಂದು ಸಾಲಿಗಾಗಿಯೇ ಆ ಕಾರ್ಡನ್ನು ಕಾಪಾಡಬೇಕು.

ಹಳೆಯ ರೂಢಿಗಳೂ ಕಾಗದಗಳಿಗೆ ಶತ್ರುವಾದವು. ಮದುವೆಯ ಕಾಗದದ ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದೆ ಇಡುತ್ತಿದ್ದರು. ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದೆಂದು ಓದಿದ ಕೂಡಲೆ ಹರಿದು ಬಿಸಾಡುತ್ತಿದ್ದರು. ಹೀಗಾಗಿ ತಂತಿಯಲ್ಲಿ ಉಳಿದ ಕಾಗದಗಳನ್ನಷ್ಟೇ ಓದಿದರೆ ಆ ಮನೆತನದಲ್ಲಿ ಎಲ್ಲರೂ ಮದುವೆಯಾದರೇ ಹೊರತು ಯಾರೂ ಸಾಯಲಿಲ್ಲವೆಂದು ತೋರೀತು! ತಂತಿ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದ್ದಿತು. ತಂತಿ ಬಂದಿದೆ ಎಂದರೆ ಓದುವ ಮುನ್ನವೇ ಮನೆಯಲ್ಲಿ ಅಳು ಮೊದಲಾಗುತ್ತಿದ್ದ ಕಾಲವದು. ಆ ತಂತಿಯ ಸೇವೆ 2013ರ ಜುಲೈ ತಿಂಗಳಿನಲ್ಲಿ ನಿಂತುಹೋಯಿತು.

ಮನೆಯ ಕಾಗದ ಮನೆಯದು, ಅದನ್ನು ಪರರು ಓದುವುದು ಸಭ್ಯತೆಯಲ್ಲ ಎಂಬ ಆಕ್ಷೇಪಣೆಯೊಂದುಂಟು. ಇದು ಯೋಗ್ಯವಾದ ಆಕ್ಷೇಪಣೆ. ಬದುಕಿರುವವರ ಕಾಗದವನ್ನು ಅವರ ಒಪ್ಪಿಗೆಯಿಲ್ಲದೆ ತೆರೆಯಬಾರದು. ಸತ್ತವರ ಕಾಗದಗಳಲ್ಲಿಯೂ ಬದುಕಿರುವವರಿಗೆ ನೋವಾಗುವ ಮಾತಿದ್ದರೆ ಅದನ್ನು ಕಟ್ಟಿ ಒಂದು ಕಡೆ ಇಡಬಹುದು. ಕಟ್ಟಿ ಇಡುವುದಕ್ಕೂ ಸುಟ್ಟುಬಿಡುವುದಕ್ಕೂ ವ್ಯತ್ಯಾಸವಿದೆ. ಕಾಲವೇ ಆ ಕಟ್ಟನ್ನು ಬಿಚ್ಚಲಿ.

ಕಾಗದಗಳು ಸುಳ್ಳು ಹೇಳುತ್ತವೆ ಎನ್ನುವವರೂ ಇದ್ದಾರೆ. ನಿಜ, ಹೇಳುತ್ತವೆ. ಬೆಂಗಳೂರಿನ ಅಂಗಡಿಯ ಜಗಲಿಯ ಮೇಲೆ ಮಲಗುತ್ತಿದ್ದ ಹುಡುಗ ಊರಿಗೆ "ನಾನು ಇಲ್ಲಿ ಸೌಖ್ಯವಾಗಿದ್ದೇನೆ" ಎಂದೇ ಬರೆಯುತ್ತಿದ್ದನು. ಅಮೆರಿಕದ ಗಡಿಯ ಕಾಗದಗಳಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆಯಿದೆ. ಎಲಿನೋರ್ ಸ್ಟೀವರ್ಟ್ ಎಂಬಾಕೆ ಡೆನ್ವರ್ ಪಟ್ಟಣದಲ್ಲಿ ಬಟ್ಟೆ ಒಗೆದು ಮಗಳನ್ನು ಸಾಕುತ್ತಿದ್ದವಳು. 1909ರಲ್ಲಿ ವಯೋಮಿಂಗ್‌ನ ರೈತನೊಬ್ಬನ ಮನೆಗೆಲಸಕ್ಕೆ ಸೇರಿ, ಪಕ್ಕದಲ್ಲಿಯೇ ತನ್ನ ಹೆಸರಿಗೆ ನೆಲವನ್ನು ಗುರುತು ಹಾಕಿಸಿಕೊಂಡಳು. ಅಲ್ಲಿಂದ ತನ್ನ ಹಳೆಯ ಯಜಮಾನಿತಿಗೆ ಅವಳು ಬರೆದ ಕಾಗದಗಳು 1914ರಲ್ಲಿ ಪುಸ್ತಕವಾಗಿ ಬಂದವು. ಗಂಡಿನ ಆಸರೆಯಿಲ್ಲದೆ ಹೆಣ್ಣು ನೆಲವನ್ನು ಗಳಿಸಿ ಬಾಳಬಹುದೆಂದು ಅವಳು ಉತ್ಸಾಹದಿಂದ ಬರೆದಳು. ಆದರೆ ಹೋದ ಕೆಲವೇ ವಾರಗಳಲ್ಲಿ ಅದೇ ರೈತನನ್ನು ಮದುವೆಯಾದ ಸಂಗತಿಯನ್ನು ಬಹುಕಾಲ ಮುಚ್ಚಿಟ್ಟಳು. ತನ್ನ ಹೆಸರಿನ ನೆಲವನ್ನು 1912ರಲ್ಲಿ ಅತ್ತೆಗೆ ಬಿಟ್ಟುಕೊಟ್ಟುದನ್ನಂತೂ ಪುಸ್ತಕದಲ್ಲಿ ಹೇಳಲೇ ಇಲ್ಲ. ಭೂದಾಖಲೆಗಳನ್ನು ತೆಗೆದು ನೋಡಿದ ಮೇಲೆ ವಿದ್ವಾಂಸರಿಗೆ ಇದು ತಿಳಿಯಿತು. ಹಾಗೆಂದು ಅವಳ ಕಾಗದಗಳು ಬೆಲೆಯಿಲ್ಲದವಾದವೇ? ಏನು ನಡೆಯಿತೆಂಬುದನ್ನು ದಾಖಲೆ ಹೇಳಿತು. ಏನು ನಡೆಯಬೇಕೆಂದು ಆ ಹೆಣ್ಣುಮಗಳು ಬಯಸಿದ್ದಳೆಂಬುದನ್ನು ಕಾಗದ ಹೇಳಿತು. ಎರಡೂ ಸತ್ಯವೇ. ಜಗಲಿಯ ಮೇಲೆ ಮಲಗಿ ಸೌಖ್ಯವೆಂದು ಬರೆದ ಹುಡುಗನ ಸುಳ್ಳಿನಲ್ಲಿಯೂ ತಾಯಿಯ ಮೇಲಿನ ಅವನ ಕರುಣೆ ಇದೆ.

ಈಗ ಕಾಗದಗಳೇ ಇಲ್ಲವಲ್ಲ ಎಂದು ಕೇಳಬಹುದು. ಹರಿಯಬ್ಬೆಯಂತಹ ಊರಿನಿಂದ ದುಡಿಯಲು ಹೋದವರು ಇಂದು ಸಂಜೆಗೊಮ್ಮೆ ಮೊಬೈಲಿನಲ್ಲಿ ಮಾತನಾಡುತ್ತಾರೆ, ಮುಖವನ್ನೂ ನೋಡುತ್ತಾರೆ. ನಾರ್ಸಿಸಾ ಎರಡು ವರ್ಷ ಕಾದುದನ್ನು ನೆನೆದರೆ ಇದು ಎಷ್ಟು ದೊಡ್ಡ ಭಾಗ್ಯ! ಇದನ್ನು ಹಳಿಯುವುದು ಅವಿವೇಕ. ಆದರೆ ಆ ಮಾತು ಆಡಿದ ಕ್ಷಣದಲ್ಲಿಯೇ ಆರಿಹೋಗುತ್ತದೆ. ನೂರು ವರ್ಷಗಳ ಮೇಲೆ ಈ ಕಾಲದ ಹಿರಿಯೂರು ಸೀಮೆಯ ಬಾಳನ್ನು ಅರಿಯಬಯಸುವವನಿಗೆ ಸರ್ಕಾರದ ಅಂಕಿಗಳು ರಾಶಿರಾಶಿಯಾಗಿ ಸಿಗುತ್ತವೆ. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ, ವಾಣಿವಿಲಾಸ ಸಾಗರ ತುಂಬಿ ಕೋಡಿ ಹರಿಯಿತೆಂಬುದು ಅವನಿಗೆ ತಿಳಿಯುತ್ತದೆ. ಆ ದಿನ ಯಾರ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಿದರು? 1933ರಲ್ಲಿ ಕೋಡಿ ಹರಿದುದನ್ನು ಕಂಡ ಅಜ್ಜನ ಮಾತನ್ನು ಯಾವ ಮೊಮ್ಮಗಳು ನೆನೆಸಿಕೊಂಡಳು? ಅಂದು ಒಬ್ಬಳಾದರೂ ಕುಳಿತು ನಾಲ್ಕು ಸಾಲು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದರೆ ಮ್ಯಾಟಿಯ ಕಾಗದಗಳ ಪಕ್ಕದಲ್ಲಿ ಅದಕ್ಕೂ ಸ್ಥಾನವುಂಟು.

ಹಳೆಯ ತಂತಿಗಳು ಎಲ್ಲ ಮನೆಗಳಲ್ಲಿಯೂ ನೀರೊಲೆಗೆ ಬಿದ್ದಿಲ್ಲ. ಕೆಲವು ಅಟ್ಟದ ಮೇಲೆ ರಾಗಿಯ ವಾಡೆಯ ಹಿಂದೆ ಈಗಲೂ ಸಿಕ್ಕುವುದುಂಟು. ತುಕ್ಕು ಹಿಡಿದ ತಂತಿಯಿಂದ ಕಾಗದಗಳನ್ನು ಎಳೆಯದೆ, ತಂತಿಯನ್ನೇ ಮೆಲ್ಲಗೆ ಹೊರತೆಗೆಯಬೇಕು. ಎಳೆದರೆ ನಡುವಿನ ಅಕ್ಷರಗಳು ಹರಿದುಹೋಗುತ್ತವೆ. ತಂತಿ ಚುಚ್ಚಿದ ಕಡೆ ಕೆಂಪಗೆ ತುಕ್ಕಿನ ತೂತೊಂದು ಹೇಗೂ ಇರುತ್ತದೆ. ಎಷ್ಟೋ ಸಲ ಅದು ಹೆಸರಿನ ಮೇಲೆಯೇ ಬಿದ್ದಿರುತ್ತದೆ. ಆಗ ಆ ಕಾರ್ಡನ್ನು ಮನೆಯ ಅಜ್ಜಿಯ ಮುಂದೆ ಹಿಡಿಯಬೇಕು. ಅಜ್ಜಿಗೆ ಓದಲು ಬಾರದು. ಆದರೂ ಶಾಯಿಯ ಬಣ್ಣವನ್ನು ನೋಡಿ, ಕಾರ್ಡಿನ ಮೂಲೆಯ ಎಣ್ಣೆಯ ಕಲೆಯನ್ನು ಬೆರಳಿನಿಂದ ಸವರಿ, ಇದು ದೊಡ್ಡವನು ಭದ್ರಾವತಿಯಿಂದ ಬರೆಸಿದ್ದು, ಇದು ನಿಮ್ಮಪ್ಪ ಹುಟ್ಟಿದ ವರುಷದ್ದು ಎಂದು ಆಕೆ ಒಂದೊಂದನ್ನೇ ಬೇರೆ ಮಾಡಿ ಇಡುತ್ತಾಳೆ.